ಬಾರದಾನವನ್ನೂ ತೂಗಬೇಕು: ರಾಯಚೂರಿನಿಂದ ಒಂದು ಪುಸ್ತಕ ಕಳಿಸಿದ ಲೆಕ್ಕ

ರಾಯಚೂರಿನ ರಾಜೇಂದ್ರ ಗಂಜ್‌ನ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಷೇರು ಪೇಟೆಯ ಟ್ರೇಡಿಂಗ್‌ನಲ್ಲಿ ನಾನು ಎಷ್ಟು ಕಳೆದುಕೊಂಡೆ, ಹೇಗೆ ಕಳೆದುಕೊಂಡೆ ಎಂಬುದನ್ನು ನಾಲ್ಕು ವರ್ಷ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಅದನ್ನೇ ತಿದ್ದಿ, 2025ರ ಅಕ್ಟೋಬರ್‌ನಲ್ಲಿ ಸ್ವಂತ ಖರ್ಚಿನಿಂದ ಪುಸ್ತಕವಾಗಿ ಅಚ್ಚು ಹಾಕಿಸಿದೆ. ಯಾವ ಷೇರನ್ನೂ ಕೊಳ್ಳಿ, ಮಾರಿ ಎಂದು ಅದರಲ್ಲಿ ಹೇಳಿಲ್ಲ. ವ್ಯವಹಾರದ ದಿನಚರಿ ಇಡುವುದು, ದಲ್ಲಾಳಿ ಮತ್ತು ತೆರಿಗೆ ಕಳೆದು ನಿವ್ವಳ ಲೆಕ್ಕ ಹಾಕುವುದು, ಎಲ್ಲಿ ಕೈಬಿಡಬೇಕೆಂದು ಮೊದಲೇ ನಿರ್ಧರಿಸುವುದು, ಇಷ್ಟೇ ಅದರ ವಿಷಯ.

ಬರೆದ ಕಥೆಯನ್ನು ಇಲ್ಲಿ ಹೇಳುತ್ತಿಲ್ಲ. ಅಚ್ಚಾದ ಪುಸ್ತಕಕ್ಕೆ ಬೆಲೆ ಇಟ್ಟು ಅದನ್ನು ಓದುಗರ ಮನೆ ಮುಟ್ಟಿಸುವಾಗ ಏನೇನಾಯಿತು ಎಂಬುದನ್ನಷ್ಟೇ ದಾಖಲಿಸುತ್ತಿದ್ದೇನೆ. ನನ್ನಂತೆಯೇ ಸಣ್ಣ ಊರಿನಿಂದ ಪುಸ್ತಕ ಕಳಿಸಲು ಹೊರಟವರಿಗೆ ಈ ಅಂಕಿಗಳು ಬೇಕಾಗುತ್ತವೆ. ನಾನು ಹುಡುಕಿದಾಗ ನನಗೆ ಸಿಕ್ಕಿರಲಿಲ್ಲ.

1. ಬೆಲೆ ಮೊದಲು, ಲೆಕ್ಕ ಆಮೇಲೆ

ಬೆಲೆ 180 ರೂಪಾಯಿ ಎಂದು ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡದ್ದು 2024ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಷೇರು ಪೇಟೆಯನ್ನು ನಿಯಂತ್ರಿಸುವ ಸೆಬಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ದರದ ಮೇಲೆ ಮಾಡಿಕೊಳ್ಳುವ ಒಪ್ಪಂದಗಳು) ವ್ಯವಹಾರ ಮಾಡಿದ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ನನ್ನ ಪುಸ್ತಕ ಓದಬೇಕಾದವರು ಆ 93 ಮಂದಿ. ಹತ್ತಿ ಮಾರಿದ ದುಡ್ಡನ್ನು ಮೊಬೈಲ್‌ನಲ್ಲಿ ಕಳೆದುಕೊಂಡು ಬಂದ ಹುಡುಗನಿಗೆ ಐನೂರು ರೂಪಾಯಿಯ ಪುಸ್ತಕ ಮಾರುವುದು ತಪ್ಪು ಎಂದು ಆಗ ಅನಿಸಿತ್ತು, ಈಗಲೂ ಅನಿಸುತ್ತದೆ. ಹಾಗಾಗಿ ಬೆಲೆ ಇನ್ನೂರರೊಳಗೇ ಇರಬೇಕೆಂದು ತೀರ್ಮಾನಿಸಿದೆ.

ಉದ್ದೇಶ ಸರಿಯಾಗಿತ್ತು, ಕ್ರಮ ತಪ್ಪಿತ್ತು. ಯಾವ ಬೆಲೆಗೆ ಎಷ್ಟು ಪುಟ, ಎಷ್ಟು ತೂಕ ಹೊಂದುತ್ತದೆ ಎಂದು ಹಿಂದಿನಿಂದ ಲೆಕ್ಕ ಹಾಕಲೇ ಇಲ್ಲ. ಕಳಿಸುವ ಖರ್ಚಿಗೆ ಅಂಚೆ ಇಲಾಖೆಯ ಹಳೆಯ ನೋಂದಾಯಿತ ಬುಕ್ ಪೋಸ್ಟ್ ದರವನ್ನು ನೆಚ್ಚಿಕೊಂಡಿದ್ದೆ. ಆ ಸೇವೆ 2024ರ ಡಿಸೆಂಬರ್ 18ರಿಂದ ನಿಂತುಹೋಯಿತು. ಕರಡು ತಿದ್ದುವುದರಲ್ಲಿ ಮುಳುಗಿದ್ದ ನನಗೆ ಇದು ತಿಳಿದದ್ದು ಎಷ್ಟೋ ತಿಂಗಳ ನಂತರ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಜುಲೈನಲ್ಲಿ ಅರ್ಜಿ ಹಾಕಿದೆ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಪ್ರಕಾಶಕರಾದರೂ ಸಿಗುತ್ತದೆ. ನಡುವೆ ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

2. ಅಚ್ಚಿನ ಖರ್ಚು

ಆಕಾರ ಡೆಮಿ 1/8 (ಸಾಮಾನ್ಯ ಕಾದಂಬರಿಯ ಗಾತ್ರ), ಪುಟಗಳು 192, ಅಂದರೆ 16 ಪುಟದ 12 ಫಾರಂ. ಒಳಕಾಗದ 70 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ) ಮ್ಯಾಪ್‌ಲಿಥೋ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಅಂಟಿನ ಬೈಂಡಿಂಗ್. ಒಟ್ಟು 500 ಪ್ರತಿ. ಅಚ್ಚಾದದ್ದು ಬೆಂಗಳೂರಿನಲ್ಲಿ.

ಮುದ್ರಣಕ್ಕೆ 38,500, ಪುಟವಿನ್ಯಾಸಕ್ಕೆ ಪುಟಕ್ಕೆ 30ರಂತೆ 5,760, ಕರಡು ತಿದ್ದಿದವರಿಗೆ 6,000, ಮುಖಪುಟಕ್ಕೆ 3,000, ಲಾರಿ ಸಾಗಣೆ ಮತ್ತು ಹಮಾಲಿ ಸೇರಿ 1,440. ಒಟ್ಟು 54,700 ರೂಪಾಯಿ.

500ರಿಂದ ಭಾಗಿಸಿ, ಪ್ರತಿಗೆ 109 ರೂಪಾಯಿ 40 ಪೈಸೆ ಎಂದು ಲೆಕ್ಕದ ಪುಸ್ತಕದ ಮೂಲೆಯಲ್ಲಿ ಬರೆದುಕೊಂಡೆ. ಇದು ಮೊದಲ ಲೆಕ್ಕದ ತಪ್ಪು. 500ಕ್ಕೆ 500 ಮಾರಾಟವಾಗುವುದಿಲ್ಲ. ಗೌರವ ಪ್ರತಿ, ಹಾಳಾದ ಪ್ರತಿ ಎಲ್ಲ ಕಳೆದರೆ ಮಾರಲು ಉಳಿಯುವುದು 460ರಷ್ಟು. ಆಗ ಪ್ರತಿಗೆ ಬೀಳುವುದು 119. ಪುಸ್ತಕ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಆದರೆ ಮುದ್ರಣದ ಬಿಲ್ಲಿನಲ್ಲಿ ಇರುತ್ತದೆ. ಅದನ್ನು ಹಿಂಪಡೆಯಲು ನನ್ನಂಥವನಿಗೆ ದಾರಿಯಿಲ್ಲ, ಆದ್ದರಿಂದ ಅದು ಮುದ್ರಣದ ಮೊತ್ತದೊಳಗೇ ಸೇರಿದೆ.

ಚಿತ್ರಗಳ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಪುಸ್ತಕದಲ್ಲಿ ದರದ ಏರಿಳಿತ ತೋರಿಸುವ 38 ನಕ್ಷೆಗಳಿವೆ. ಏರಿದ ದಿನದ ಕಡ್ಡಿ ಹಸಿರು, ಇಳಿದ ದಿನದ್ದು ಕೆಂಪು. ಕರಡನ್ನು ನಾನು ನೋಡಿದ್ದು ಮೊಬೈಲ್ ಪರದೆಯ ಮೇಲೆ, ಬಣ್ಣದಲ್ಲಿ. ಅಚ್ಚಾಗಿದ್ದು ಕಪ್ಪು ಶಾಯಿಯಲ್ಲಿ. ಮೊದಲ ಪ್ರತಿಯ 41ನೇ ಪುಟ ತೆರೆದಾಗ ಕೆಂಪೂ ಹಸಿರೂ ಒಂದೇ ಬೂದುಬಣ್ಣಕ್ಕೆ ತಿರುಗಿದ್ದವು. ಏರಿದ್ದು ಯಾವುದು, ಇಳಿದದ್ದು ಯಾವುದು ಎಂದು ಬರೆದ ನನಗೇ ಗೊತ್ತಾಗಲಿಲ್ಲ. ಅಂಗೈಯಲ್ಲಿ ಪುಸ್ತಕ ಹಿಡಿದುಕೊಂಡು ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ. ಎಲ್ಲ ಪುಟಗಳನ್ನೂ ಬಣ್ಣದಲ್ಲಿ ಹಾಕಿದರೆ ಪ್ರತಿಗೆ 190 ಆಗುತ್ತದೆ ಎಂದು ಮುದ್ರಕರು ಮೊದಲೇ ಹೇಳಿದ್ದರು. ಆ ದಾರಿ ಮುಚ್ಚಿತ್ತು. ಕೊನೆಗೆ ಯಾವ ನಕ್ಷೆಯಲ್ಲಿ ಯಾವ ಕಡ್ಡಿ ಏರಿಕೆಯದು ಎಂದು ವಿವರಿಸುವ ಒಂದು ಹಾಳೆ ಅಚ್ಚು ಹಾಕಿಸಿ ಪ್ರತಿ ಪುಸ್ತಕದೊಳಗೂ ಇಟ್ಟೆ. ಆ ಹಾಳೆಯ ತೂಕ 2 ಗ್ರಾಂ. ಅದು ಲೆಕ್ಕಕ್ಕೆ ಬರುವ ತೂಕ ಎಂದು ಆಗ ಗೊತ್ತಿರಲಿಲ್ಲ.

3. ಬಂಡಲ್‌ಗಳು ಬಂದವು

25 ಪುಸ್ತಕಕ್ಕೊಂದರಂತೆ 20 ಬಂಡಲ್. ಕಾಗದ ಸುತ್ತಿ ಪ್ಲಾಸ್ಟಿಕ್ ಹುರಿಯಿಂದ ಬಿಗಿದಿದ್ದರು. ಬಿಚ್ಚಿ ನೋಡಿದರೆ ಕೆಲವು ಬಂಡಲ್‌ಗಳ ಮೇಲಿನ ಮತ್ತು ಕೆಳಗಿನ ಪುಸ್ತಕಗಳಿಗೆ ಹುರಿ ಕಚ್ಚಿ, ಹೊದಿಕೆಯ ಅಂಚು ಗರಗಸದಿಂದ ಕೊಯ್ದಂತೆ ಸೀಳಿತ್ತು. ಹೀಗೆ 14 ಪ್ರತಿ ಹೋದವು. ಬಂಡಲ್‌ನ ಮೇಲೂ ಕೆಳಗೂ ಒಂದೊಂದು ರಟ್ಟು ಇಡಿ ಎಂದು ಮೊದಲೇ ಹೇಳಿದ್ದರೆ ಅವು ಉಳಿಯುತ್ತಿದ್ದವು. ಹತ್ತಿ ಅಂಡಿಗೆಯ ಕಟ್ಟನ್ನು ದಿನವೂ ನೋಡುವ ನಾನು ಈ ಮಾತು ಹೇಳಬೇಕಿತ್ತು.

1954ರ ಪುಸ್ತಕ ಒಪ್ಪಿಸುವ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲೇ ಕಳಿಸಬೇಕು. ಆ ನಾಲ್ಕೂ ಸೇರಿ 25 ಪ್ರತಿ ಗೌರವ ಪ್ರತಿಗಳೆಂದು ಹೋದವು.

4. ಮೊದಲ ಪೆಟ್ಟಿಗೆ

ಗೌರವ ಪ್ರತಿಗಳಲ್ಲಿ ಆರನ್ನು ಖಾಸಗಿ ಕೊರಿಯರ್ ಮೂಲಕ ಕಳಿಸಿ ನೋಡಿದೆ. ಅರ್ಧ ಕಿಲೋಗೆ 52 ರೂಪಾಯಿ ಎಂದಿತ್ತು. ಅಂಗಡಿಯಲ್ಲಿ ಸಿಕ್ಕ ಸಿದ್ಧ ರಟ್ಟಿನ ಪೆಟ್ಟಿಗೆ ತಂದೆ, 30 ಸೆಂ.ಮೀ. ಉದ್ದ, 22 ಅಗಲ, 6 ಎತ್ತರ. ಖಾಲಿ ಜಾಗಕ್ಕೆ ಹಳೆಯ ಪತ್ರಿಕೆ ತುರುಕಿದೆ. ಬಿಲ್ಲು ಬಂದಾಗ ಒಂದೊಂದಕ್ಕೆ 118 ರೂಪಾಯಿ.

ಉದ್ದ, ಅಗಲ, ಎತ್ತರವನ್ನು ಗುಣಿಸಿ 5000ದಿಂದ ಭಾಗಿಸಿ ಬರುವ ತೂಕ ನಿಜವಾದ ತೂಕಕ್ಕಿಂತ ಹೆಚ್ಚಾಗಿದ್ದರೆ ಅದನ್ನೇ ಹಿಡಿಯುತ್ತಾರೆ. ನನ್ನ ಪೆಟ್ಟಿಗೆಯದು 3960, ಭಾಗಿಸಿದರೆ 792 ಗ್ರಾಂ. ಅದನ್ನು ಒಂದು ಕಿಲೋ ದರಕ್ಕೆ ಏರಿಸಿದರು. ನಿಯಮವನ್ನು ನಾನು ಓದಿರಲಿಲ್ಲ, ಅಷ್ಟೇ. ಪೆಟ್ಟಿಗೆಯನ್ನು ಅಲ್ಲಿಗೇ ಬಿಟ್ಟೆ. ಒಂದು ಪುಸ್ತಕಕ್ಕೆ ಪೆಟ್ಟಿಗೆ ಬೇಡ, ಸುತ್ತುವ ರಟ್ಟೇ ಸಾಕು.

5. ಕೊನೆಯ ಪುಟದ ಜಾಹೀರಾತು

ಈ ಕೆಲಸದಲ್ಲಿ ನಾನು ಮಾಡಿದ ಅತಿ ದುಬಾರಿ ತಪ್ಪು ಇದು.

ಅಂಚೆ ಇಲಾಖೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಆರಂಭಿಸಿದೆ. ಪುಸ್ತಕಗಳಿಗೆಂದೇ ಇರುವ ದರ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಹೋದರೂ 100 ರೂಪಾಯಿ, ತೆರಿಗೆ ಪ್ರತ್ಯೇಕ. ನೆಲಮಾರ್ಗದಲ್ಲಿ ಹೋಗುತ್ತದೆ, ಎಲ್ಲಿದೆ ಎಂದು ನೋಡಲೂ ಬರುತ್ತದೆ. ಷರತ್ತುಗಳು ಕೆಲವಿವೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ವಾಣಿಜ್ಯ ಸ್ವರೂಪದ್ದು, ನಿಯತಕಾಲಿಕ, ಜಾಹೀರಾತು ಇರುವಂಥದ್ದು ಆಗದು.

ಮೊದಲ 12 ಪೊಟ್ಟಣ ಹಿಡಿದುಕೊಂಡು ಕೌಂಟರ್‌ಗೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ಸುತ್ತದೆ ಒಯ್ದಿದ್ದ ಮಾದರಿ ಪ್ರತಿಯನ್ನು ಹಿಂದಿನಿಂದ ತಿರುವಿದರು. 192ನೇ ಪುಟದಲ್ಲಿ ಬೆರಳಿಟ್ಟು ನನ್ನತ್ತ ತಿರುಗಿಸಿದರು. ಅಲ್ಲಿ ದಪ್ಪ ಅಕ್ಷರದಲ್ಲಿ ನನ್ನ ಭಾನುವಾರದ ತರಗತಿಯ ಪ್ರಕಟಣೆ, ಶುಲ್ಕ, ಮೊಬೈಲ್ ಸಂಖ್ಯೆ. ಕೊನೆಯ ಪುಟ ಖಾಲಿ ಉಳಿಯಿತೆಂದು ಪುಟವಿನ್ಯಾಸದ ಕೊನೆಯ ದಿನ ಸೇರಿಸಿದ್ದು. ‘ಇದು ಜಾಹೀರಾತು, ಈ ದರದಲ್ಲಿ ತೆಗೆದುಕೊಳ್ಳಲು ಬರುವುದಿಲ್ಲ’ ಎಂದರು. ಅವರು ಹೇಳಿದ್ದು ಸರಿ.

ಆ ಪುಟವನ್ನು ಕತ್ತರಿಸೋಣವೆಂದರೆ ಅದರ ಬೆನ್ನಿಗೆ 191ನೇ ಪುಟದಲ್ಲಿ ಪದಗಳ ಅರ್ಥದ ಪಟ್ಟಿ ಇತ್ತು. ಬಿಳಿ ಹಾಳೆ ಅಂಟಿಸಿ ಮುಚ್ಚಲು 11 ಪ್ರತಿಗಳಲ್ಲಿ ಪ್ರಯತ್ನಿಸಿದೆ. ಅಂಟಿನ ತೇವಕ್ಕೆ ಪುಟ ಸುಕ್ಕುಗಟ್ಟಿ ಹಿಂದಿನ ಹೊದಿಕೆಗೆ ಹತ್ತಿಕೊಂಡಿತು. ಬಿಡಿಸಿ ಒಣಗಿಸಿದರೂ ಹಳೆಯ ಪುಸ್ತಕದಂತೆ ಕಾಣುತ್ತಿತ್ತು. ದುಡ್ಡು ಕೊಟ್ಟು ಕೊಳ್ಳುವವರಿಗೆ ಅದನ್ನು ಕಳಿಸಲು ಮನಸ್ಸು ಬರಲಿಲ್ಲ. ಅವನ್ನು ಆಮೇಲೆ ಕಾರಣ ಹೇಳಿ, ರಿಯಾಯಿತಿಯಲ್ಲಿ ಕೈಯಿಂದ ಕೈಗೆ ಮಾರಿದೆ.

ಹಾಗಾಗಿ ಉಳಿದದ್ದು ಸ್ಪೀಡ್ ಪೋಸ್ಟ್. 2025ರ ಅಕ್ಟೋಬರ್ 1ರಿಂದ ಹೊಸ ದರ ಬಂದಿತ್ತು. 251ರಿಂದ 500 ಗ್ರಾಂಗೆ 200 ಕಿ.ಮೀ. ಒಳಗೆ 70 ರೂಪಾಯಿ, 201ರಿಂದ 500 ಕಿ.ಮೀ.ಗೆ 75. ಇದರ ಮೇಲೆ ನೂರಕ್ಕೆ 18 ಜಿಎಸ್‌ಟಿ. ಬೆಂಗಳೂರಿಗೆ ಒಂದು ಪೊಟ್ಟಣಕ್ಕೆ 88 ರೂಪಾಯಿ 50 ಪೈಸೆ. ನನ್ನ ಓದುಗರಲ್ಲಿ ಹೆಚ್ಚಿನವರು ಈ ಅಂತರದಲ್ಲೇ ಇದ್ದುದರಿಂದ ಮುಂದಿನ ಲೆಕ್ಕಕ್ಕೆಲ್ಲ ಇದನ್ನೇ ಹಿಡಿದಿದ್ದೇನೆ.

ಅಷ್ಟರಲ್ಲಿ ‘180 ರೂಪಾಯಿ, ಅಂಚೆ ವೆಚ್ಚ ಸೇರಿ’ ಎಂದು ಗೆಳೆಯರ ಮೊಬೈಲ್ ಗುಂಪುಗಳಿಗೆಲ್ಲ ಹಾಕಿಬಿಟ್ಟಿದ್ದೆ. 60 ಮಂದಿ ದುಡ್ಡು ಕಳಿಸಿಯೂ ಆಗಿತ್ತು. ಕೊಟ್ಟ ಮಾತು ತಪ್ಪುವಂತಿರಲಿಲ್ಲ. ಅಂಚೆಗೆ 88.50, ಸುತ್ತುವ ಸಾಮಾನಿಗೆ 9, ಸೇರಿ 97.50. ಕೈಗೆ ಉಳಿದದ್ದು 82.50. ಪುಸ್ತಕ ಬಿದ್ದದ್ದು 119ಕ್ಕೆ. ಒಂದೊಂದು ಪ್ರತಿಗೂ 36 ರೂಪಾಯಿ 50 ಪೈಸೆ ನಷ್ಟ. 61ನೇ ಪ್ರತಿಯಿಂದ ಅಂಚೆ ವೆಚ್ಚ ಪ್ರತ್ಯೇಕ ಎಂದು ಬದಲಾಯಿಸಿದೆ. ಮುದ್ರಿತ ಬೆಲೆಯ ಮೇಲೆ ಹೊಸ ಚೀಟಿ ಅಂಟಿಸಿ ಏರಿಸಲು ಕೆಲವರು ಹೇಳಿದರು. ಅದು ನನಗೆ ಒಪ್ಪಿಗೆಯಾಗಲಿಲ್ಲ.

6. ಎಂಟು ಗ್ರಾಂ

ಗಂಜ್‌ನಲ್ಲಿ ಹತ್ತಿ ತೂಗಿದ ಮೇಲೆ ಚೀಲದ ತೂಕ, ಅಂದರೆ ಬಾರದಾನ, ಕಳೆದು ನಿವ್ವಳಕ್ಕೆ ದರ ಕಟ್ಟುತ್ತೇವೆ. ಅಂಚೆಯಲ್ಲಿ ಬಾರದಾನಕ್ಕೂ ದುಡ್ಡು. ಇದು ತಲೆಗೆ ಹೊಕ್ಕ ದಿನ 650 ರೂಪಾಯಿ ಕೊಟ್ಟು ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತೂಕದ ಯಂತ್ರ ತಂದು ಎಲ್ಲವನ್ನೂ ಬಿಡಿಬಿಡಿಯಾಗಿ ತೂಗಿದೆ.

ಪುಸ್ತಕ 226 ಗ್ರಾಂ. ವಿವರಣೆಯ ಹಾಳೆ 2. ಅಲೆರಟ್ಟು 19. ಕಂದು ಕ್ರಾಫ್ಟ್ ಕಾಗದ 8. ಅಂಟುಪಟ್ಟಿ ಮತ್ತು ವಿಳಾಸದ ಚೀಟಿ 3. ಒಟ್ಟು 258.

ಸ್ಪೀಡ್ ಪೋಸ್ಟ್‌ನ ಕೆಳಗಿನ ಹಂತ 250 ಗ್ರಾಂಗೆ ಮುಗಿಯುತ್ತದೆ. ಆ ಹಂತದಲ್ಲಿ ಅದೇ ದೂರಕ್ಕೆ 63 ರೂಪಾಯಿ, ತೆರಿಗೆ ಸೇರಿ 74.34. ಎಂಟೇ ಗ್ರಾಂ ಹೆಚ್ಚಾಗಿ ಪ್ರತಿ ಪೊಟ್ಟಣಕ್ಕೆ 14 ರೂಪಾಯಿ 16 ಪೈಸೆ ಹೆಚ್ಚು ಕೊಡುತ್ತಿದ್ದೆ.

ರಟ್ಟನ್ನು ತೆಗೆದುಬಿಟ್ಟರೆ 239 ಆಗುತ್ತದೆ. 22 ಪೊಟ್ಟಣಗಳನ್ನು ಬರೀ ಕ್ರಾಫ್ಟ್ ಕಾಗದ ಎರಡು ಸುತ್ತು ಸುತ್ತಿ ಕಳಿಸಿದೆ. ಒಂದು ವಾರದಲ್ಲಿ ಐವರಿಂದ ಚಿತ್ರಗಳು ಬಂದವು. ಮೂಲೆ ಮಡಚಿ ಒಳಪುಟಗಳವರೆಗೆ ಮುರಿದಿತ್ತು. ಒಂದರ ಬೆನ್ನು ಬಿಟ್ಟುಕೊಂಡಿತ್ತು. ಐವರಿಗೂ ಬೇರೆ ಪ್ರತಿಯನ್ನು ರಟ್ಟು ಹಾಕಿಯೇ ಕಳಿಸಿದೆ. 22 ಪೊಟ್ಟಣಗಳಲ್ಲಿ ಉಳಿದದ್ದು 311 ರೂಪಾಯಿ. ಮರಳಿ ಕಳಿಸಲು ತಗುಲಿದ್ದು 442.50, ಜೊತೆಗೆ ಐದು ಪುಸ್ತಕ. ರಟ್ಟು ತೆಗೆಯುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟೆ. ತೂಕ ಇಳಿಯಬೇಕಾದದ್ದು ಪುಸ್ತಕದ್ದು.

ಸುತ್ತುವ ಕ್ರಮ ಈಗ ಹೀಗಿದೆ. ರಟ್ಟನ್ನು ಪುಸ್ತಕಕ್ಕಿಂತ ನಾಲ್ಕೂ ಕಡೆ 6 ಮಿ.ಮೀ. ದೊಡ್ಡದಾಗಿ ಕೊಯ್ದುಕೊಳ್ಳುತ್ತೇನೆ. ಹೊರಚಾಚಿದ ಈ ಅಂಚು ಪೆಟ್ಟನ್ನು ತಾನು ತಿಂದು ಮೂಲೆಯನ್ನು ಉಳಿಸುತ್ತದೆ. ರಟ್ಟಿನ ಅಲೆಗಳು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು, ಅಡ್ಡ ಬಂದರೆ ಬೆನ್ನಿನ ಹತ್ತಿರ ಸರಿಯಾಗಿ ಮಡಚುವುದಿಲ್ಲ. ವಿಳಾಸದ ಚೀಟಿಯ ಮೇಲೆ ಪೂರ್ತಿ ಪಾರದರ್ಶಕ ಪಟ್ಟಿ ಹಚ್ಚುತ್ತೇನೆ. ಇಂಕ್‌ಜೆಟ್ ಶಾಯಿಗೆ ಹನಿ ನೀರು ಬಿದ್ದರೂ ಪಿನ್ ಕೋಡ್ ಕಲಸಿಹೋಗುತ್ತದೆ. ಹಾಗೆ ಕಲಸಿದ ಒಂದು ಪೊಟ್ಟಣ ನನಗೇ ವಾಪಸು ಬಂದಿತ್ತು. ಆಂಧ್ರದ ಆದೋನಿ, ತೆಲಂಗಾಣದ ಗದ್ವಾಲ ಕಡೆಯ ಕನ್ನಡಿಗರಿಗೆ ಕಳಿಸುವಾಗ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯಬೇಕು.

7. ಅಂಗಡಿಗಳು

ಪುಸ್ತಕದ ಅಂಗಡಿಗಳಿಗೆ ನೂರಕ್ಕೆ 40 ರಿಯಾಯಿತಿ ಕೊಟ್ಟೆ. 180ಕ್ಕೆ ನನಗೆ 108. ಇಲ್ಲೂ ಪ್ರತಿಗೆ 11 ರೂಪಾಯಿ ನಷ್ಟ. 150 ಪ್ರತಿ ಹೋದವು, 92ಕ್ಕೆ ದುಡ್ಡು ಬಂತು, 38 ವಾಪಸು, 20ರದ್ದು ಇನ್ನೂ ಬಾಕಿ. ಬೇರೆ ಊರಿನ ಅಂಗಡಿಗಳಿಗೆ ಲಿಖಿತ ರಸೀದಿ ಇಲ್ಲದೆ ಕೊಡಬೇಡಿ.

8. ಮೊದಲ ಮುದ್ರಣದ ಪಟ್ಟಿ, 2026ರ ಜನವರಿ ಮಧ್ಯಕ್ಕೆ

ಅಂಚೆ ಸೇರಿಸಿ ಮಾರಿದ 60 ಪ್ರತಿಗಳಿಂದ ನಿವ್ವಳ 4,950. ಅಂಗಡಿಗಳಿಂದ 9,936. ಅಂಚೆ ವೆಚ್ಚ ಪ್ರತ್ಯೇಕ ಪಡೆದು ಕಳಿಸಿದ 140ರಿಂದ 25,200. ಊರಲ್ಲೇ 160ರಂತೆ ಕೈಯಿಂದ ಕೈಗೆ ಕೊಟ್ಟ 70ರಿಂದ 11,200. ಒಟ್ಟು 51,286. ಮರಳಿ ಕಳಿಸಿದ ಐದರ ಅಂಚೆ ಕಳೆದರೆ 50,843. ಹಾಕಿದ್ದು 54,700. ಕೈ ಬಿಟ್ಟದ್ದು 3,857 ರೂಪಾಯಿ. ಮನೆಯಲ್ಲಿ 74 ಪ್ರತಿ ಉಳಿದಿವೆ.

ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಬರೆದೆ. ಕೊನೆಯ ಪುಟದ ಜಾಹೀರಾತು ಇಲ್ಲದಿದ್ದರೆ 258 ಗ್ರಾಂನ ಪೊಟ್ಟಣ ಜ್ಞಾನ ಪೋಸ್ಟ್‌ನ 20 ರೂಪಾಯಿಯೊಳಗೆ ಹೋಗುತ್ತಿತ್ತು, ತೆರಿಗೆ ಸೇರಿ 23.60. ಒಂದಕ್ಕೆ 64.90 ಉಳಿತಾಯ. ಆ 60 ಪ್ರತಿಗಳಿಗೇ 3,894. ನನ್ನ ಇಡೀ ನಷ್ಟಕ್ಕಿಂತ ಅದು ಹೆಚ್ಚು. ಆ ಜಾಹೀರಾತು ನೋಡಿ ಭಾನುವಾರದ ತರಗತಿಗೆ ಬಂದವರು ಇಬ್ಬರು.

ನಷ್ಟದ ವ್ಯವಹಾರದಲ್ಲಿ ಖರ್ಚನ್ನು ಮೊದಲು ಕಳೆಯಿರಿ ಎಂದು ಪುಸ್ತಕದ ಮೂರನೇ ಅಧ್ಯಾಯದಲ್ಲಿ ಬರೆದಿದ್ದೇನೆ. ಎರಡನೇ ಮುದ್ರಣಕ್ಕೆ ಕೈಹಾಕುವ ಮೊದಲು ಆ ಅಧ್ಯಾಯವನ್ನು ತೆರೆದಿಟ್ಟುಕೊಂಡೇ ಕುಳಿತೆ.

9. ಎರಡನೇ ಮುದ್ರಣ

ಈ ಬಾರಿ ಕೊನೆಯಿಂದ ಹೊರಟೆ. ಓದುಗರು ಕೊಡುವುದು 200, ಮನೆಗೆ ಮುಟ್ಟಿಸುವುದೂ ಅದರೊಳಗೇ. ಅಂಚೆಗೆ 23.60, ಸುತ್ತಲು 8. ಉಳಿಯುವುದು 168.40. ಅಂಗಡಿಗೆ ನೂರಕ್ಕೆ 35 ಕೊಟ್ಟರೆ ಕೈಗೆ 130. ಹಾಗಾದರೆ ಪುಸ್ತಕ 100ರೊಳಗೆ ಬೀಳಬೇಕು. ರಟ್ಟು ಸೇರಿ ಪೊಟ್ಟಣ 250 ಗ್ರಾಂ ದಾಟಬಾರದು, ಬೇಗ ಬೇಕೆಂದವರಿಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಡಿಮೆ ಹಂತ ಸಿಗಬೇಕು.

ಒಂದು ಫಾರಂ ಕಡಿಮೆ ಮಾಡಿದೆ. 192 ಪುಟ 176 ಆಯಿತು. 38 ನಕ್ಷೆಗಳಲ್ಲಿ 13 ಒಂದೇ ಮಾತನ್ನು ಹೇಳುತ್ತಿದ್ದವು, ತೆಗೆದೆ. ಉಳಿದ 25ನ್ನು ಹೊಸದಾಗಿ ಬರೆಸಿದೆ. ಏರಿದ ದಿನದ ಕಡ್ಡಿ ಒಳಗೆ ಖಾಲಿ, ಇಳಿದ ದಿನದ್ದು ಪೂರ್ತಿ ಕಪ್ಪು. ಬಣ್ಣವೇ ಬೇಡ. ಕರಡನ್ನು ಊರಿನ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿ, ಕಾಗದದ ಮೇಲೆಯೇ ನೋಡಿ ಒಪ್ಪಿದೆ. ವಿವರಣೆಯ ಹಾಳೆಯ ಅಗತ್ಯ ತಪ್ಪಿತು. ಕೊನೆಯ ಪುಟವನ್ನು ಓದುಗರು ಟಿಪ್ಪಣಿ ಬರೆದುಕೊಳ್ಳಲು ಗೆರೆ ಹಾಕಿ ಬಿಟ್ಟೆ.

ಮುದ್ರಣ 36,000, ಪುಟ ತಿದ್ದಲು 1,500, ನಕ್ಷೆಗಳಿಗೆ 2,400, ಸಾಗಣೆ 1,300. ಒಟ್ಟು 41,200. ಮಾರುವ 480ಕ್ಕೆ ಹಂಚಿದರೆ 86 ರೂಪಾಯಿ. ಬಂಡಲ್‌ಗಳಿಗೆ ಮೇಲೆ ಕೆಳಗೆ ರಟ್ಟು ಹಾಕಿಸಿದೆ, ಒಂದೂ ಸೀಳಲಿಲ್ಲ. ಪುಸ್ತಕ 208 ಗ್ರಾಂ, ಬಾರದಾನ 30, ಒಟ್ಟು 238.

ಅದೇ ಕೌಂಟರ್, ಅದೇ ಹೆಣ್ಣುಮಗಳು. ಈ ಬಾರಿಯೂ ಹಿಂದಿನಿಂದಲೇ ತಿರುವಿದರು. ಗೆರೆ ಹಾಕಿದ ಖಾಲಿ ಪುಟ ನೋಡಿದರು, ಪ್ರಕಾಶಕರ ಹೆಸರಿರುವ ಪುಟ ನೋಡಿದರು, ಮೊದಲ ಪೊಟ್ಟಣವನ್ನು ತೂಕಕ್ಕಿಟ್ಟರು. ಆ ದಿನ 31 ಹೋದವು. ದೇವದುರ್ಗ, ಮಾನ್ವಿ, ಕುಷ್ಟಗಿ, ಗಂಗಾವತಿ, ಸಿರುಗುಪ್ಪ, ಹೀಗೆ ನಮ್ಮ ಸುತ್ತಲಿನ ಊರುಗಳೇ ಅರ್ಧಕ್ಕಿಂತ ಹೆಚ್ಚು. ಪುಸ್ತಕ ಬರೆದದ್ದು ಇವರಿಗಾಗಿಯೇ ಆದ್ದರಿಂದ ಆ ಪಟ್ಟಿಯನ್ನು ಎರಡು ಸಲ ಓದಿದೆ.

10. ಈಗ ಮೇಜಿನ ಮೇಲಿರುವುದು

ಸಿಂಧನೂರಿನ ಒಂದು ಹಾಸ್ಟೆಲ್‌ನ ಹುಡುಗರು ನಾಲ್ಕು ಪ್ರತಿ ಒಟ್ಟಿಗೆ ಕೇಳಿದ್ದಾರೆ. ಜ್ಞಾನ ಪೋಸ್ಟ್‌ನಲ್ಲಿ 501ರಿಂದ 1000 ಗ್ರಾಂಗೆ 35 ರೂಪಾಯಿ, ತೆರಿಗೆ ಸೇರಿ 41.30. ಒಂದೊಂದಕ್ಕೆ 10 ರೂಪಾಯಿ 33 ಪೈಸೆ ಬೀಳುತ್ತದೆ. ಬಿಡಿಯಾಗಿ ಕಳಿಸುವುದಕ್ಕಿಂತ 13 ರೂಪಾಯಿಗೂ ಹೆಚ್ಚು ಉಳಿಯುತ್ತದೆ, ಅದನ್ನು ಅವರಿಗೇ ಬಿಟ್ಟು ನಾಲ್ಕಕ್ಕೆ 745 ಎಂದು ಹೇಳಿದ್ದೇನೆ. ನಾಲ್ಕು ಪುಸ್ತಕಗಳ ಬೆನ್ನು ಒಂದೇ ಕಡೆ ಬಂದರೆ ಕಟ್ಟು ಒಂದು ಬದಿ ಉಬ್ಬುತ್ತದೆ, ಅದಕ್ಕೆ ಎರಡನ್ನು ತಿರುಗಿಸಿ ಜೋಡಿಸಿದೆ. ಹುರಿ ಇಲ್ಲ, ಅಗಲ ಪಟ್ಟಿ ಮಾತ್ರ. ಯಂತ್ರದ ಮೇಲೆ 908 ಗ್ರಾಂ ತೋರಿಸುತ್ತಿದೆ. ನಾಳೆ ಬೆಳಿಗ್ಗೆ ಗಂಜ್‌ಗೆ ಹೋಗುವ ಮೊದಲು ಅಂಚೆಗೆ ಹಾಕುತ್ತೇನೆ.